ಅಪ್ಪನ ರೇಡಿಯೋ ಊರಿಗೆ ಒಂದು ಲಕ್ಷದ ಟ್ರಿಪ್

"ಸಾಲ ಮಾಡ್ಕೊಂಡು ಸಿಲೋನ್ ನೋಡೋದು ಯಾರಿಗೆ ಬೇಕಾಗಿದೆ? ಸುಮ್ನಿರೋ" ಅಂದುಬಿಟ್ಟರು ಅಪ್ಪ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನಗೆ ಮನೆ ಸಾಲದ ಕಂತು ಇತ್ತು, ಆ ವರ್ಷ ಆಫೀಸಿನಲ್ಲಿ ಇನ್‌ಕ್ರಿಮೆಂಟ್ ಬೇರೆ ಇರಲಿಲ್ಲ.

ಆದರೆ ಅಪ್ಪನ ಹಳೇ ಆಸೆ ನನಗೆ ಗೊತ್ತಿತ್ತು. ಹುಡುಗರಾಗಿದ್ದಾಗ ಅರಸೀಕೆರೆಯಲ್ಲಿ ಪ್ರತಿ ಬುಧವಾರ ರಾತ್ರಿ ಪಕ್ಕದ ಮನೆಯವರ ರೇಡಿಯೋ ಮುಂದೆ ಕೂತು 'ಬಿನಾಕಾ ಗೀತ್‌ಮಾಲಾ' ಕೇಳುತ್ತಿದ್ದರಂತೆ. ಅಮೀನ್ ಸಯಾನಿ ಮುಂಬಯಿಯಲ್ಲಿ ರೆಕಾರ್ಡ್ ಮಾಡುತ್ತಿದ್ದ ಆ ಕಾರ್ಯಕ್ರಮ ಪ್ರಸಾರವಾಗುತ್ತಿದ್ದುದು ಕೊಲಂಬೊದಿಂದ. "ಆ ಸಿಲೋನ್ ಸ್ಟೇಷನ್ ಹೆಂಗಿರುತ್ತೋ" ಅಂತ ಅಪ್ಪ ಎಷ್ಟೋ ಸಲ ಅಂದಿದ್ದಾರೆ. ರೈಲ್ವೆ ಕೆಲಸದಿಂದ ರಿಟೈರ್ ಆದರೂ ಪಾಸ್‌ಪೋರ್ಟ್ ಮಾತ್ರ ಮಾಡಿಸಿರಲಿಲ್ಲ.

ಹಾಗಾಗಿ ಎಕ್ಸೆಲ್ ಶೀಟ್ ತೆರೆದೆ. ಮೂವರಿಗೆ, ಆರು ರಾತ್ರಿಗೆ, 1,20,000 ರೂಪಾಯಿ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಆದರೂ ಟ್ರಿಪ್ ಇಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟೆ.

ಮೊದಲ ಪ್ಲಾನ್‌ನಲ್ಲಿ ನೆಟ್‌ನಲ್ಲಿ ಸಿಕ್ಕ ಎಲ್ಲ ಊರುಗಳೂ ಇದ್ದವು. ಲೆಕ್ಕ ಒಂದೂಮುಕ್ಕಾಲು ಲಕ್ಷ ದಾಟಿತು. ಹೋಟೆಲ್, ಊಟ ಎಲ್ಲ ಕತ್ತರಿಸುತ್ತಾ ಕೂತೆ. ಆಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮಪ್ಪಂಗೆ ಏನು ನೋಡ್ಬೇಕು ಅಂತ ಕೇಳ್ದೇನೋ?" ಕೇಳಿರಲಿಲ್ಲ. ಕೇಳಿದರೆ ಎರಡೇ ಉತ್ತರ: ರೇಡಿಯೋ ಸ್ಟೇಷನ್, ಬೆಟ್ಟದ ರೈಲು. ಅಮ್ಮನಿಗೆ ಕ್ಯಾಂಡಿಯ ಬುದ್ಧನ ದಂತ ದೇಗುಲ. ಅಲ್ಲಿಗೆ ಮುಗಿಯಿತು. ಸುಮಾರು 1,200 ಮೆಟ್ಟಿಲಿನ ಸಿಗಿರಿಯಾ ಬಂಡೆಯನ್ನು ಅಮ್ಮನ ಮಂಡಿನೋವು ಕೈಬಿಡಿಸಿತು. ಸಫಾರಿ, ಬಾಡಿಗೆ ಕಾರು ಕೂಡ ಹೋದವು. ಅರ್ಧ ಖರ್ಚು ಇಳಿದಿದ್ದೇ ಇಲ್ಲಿ.

ಇನ್ನು ತಿಂಗಳು. ಕೊಲಂಬೊ ಕಡೆ ಮತ್ತು ಬೆಟ್ಟದ ಸೀಮೆಗೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಮೇನಿಂದ ಸೆಪ್ಟೆಂಬರ್ ಆ ಕಡೆ ಮಳೆ. ನಾವು 2024ರ ಫೆಬ್ರವರಿ ಎರಡನೇ ವಾರ ಆರಿಸಿಕೊಂಡೆವು. ವಾರಾಂತ್ಯ ಬಿಟ್ಟು ವಾರದ ಮಧ್ಯೆ ಹೊರಟಿದ್ದರಿಂದ ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕಿತು.

ಆಗ ಶ್ರೀಲಂಕಾ ಸರ್ಕಾರ ಭಾರತೀಯರಿಗೆ ಕೆಲವು ತಿಂಗಳು ವೀಸಾ ಶುಲ್ಕ ತೆಗೆದುಹಾಕಿತ್ತು. ಆದರೂ ಆನ್‌ಲೈನ್ ಅರ್ಜಿ ಹಾಕಲೇಬೇಕಿತ್ತು. ಇಲ್ಲೇ ನಾನು ಎಡವಿದ್ದು. ಹುಡುಕಿದಾಗ ಮೊದಲು ಬಂದ ಒಂದು ಜಾಲತಾಣ ಸರ್ಕಾರದ್ದೇ ಅನ್ನೋ ಹಾಗಿತ್ತು. ತಲೆಗೆ ನಾಲ್ಕು ಸಾವಿರ 'ಸೇವಾ ಶುಲ್ಕ' ಕೇಳಿತು. ಕಾರ್ಡ್ ನಂಬರ್ ಹಾಕುವ ಮುಂಚೆ ಅನುಮಾನ ಬಂತು, ಉಳಿದುಕೊಂಡೆ. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ನೀವು ಹೊರಡುವಾಗ ಅಧಿಕೃತ ತಾಣದಲ್ಲೇ ನೋಡಿ, ವಿಳಾಸ ಎರಡು ಸಲ ಓದಿ.

ಹೊರಡುವ ಮುಂಚಿನ ದಿನ ಅಪ್ಪ ಒಂದು ಕವರ್ ಕೊಟ್ಟರು. ಒಳಗೆ 40,000. "ಬೇಡ ಅಪ್ಪ" ಅಂದೆ. "ನಿನ್ನ ದುಡ್ಡಲ್ಲಿ ಬಂದ್ರೆ ಪ್ರತಿ ಟೀಗೂ ಲೆಕ್ಕ ಹಾಕ್ತೀನಿ. ನನ್ನದೂ ಇದ್ರೆ ನೆಮ್ಮದಿಯಾಗಿ ಕುಡೀತೀನಿ" ಅಂದರು. ತಗೊಂಡೆ.

ಕೊಲಂಬೊದಿಂದ ಕ್ಯಾಂಡಿಗೆ, ಅಲ್ಲಿಂದ ಎಲ್ಲಾ ಎಂಬ ಊರಿಗೆ (ಹೆಸರೇ 'ಎಲ್ಲಾ'!) ರೈಲಿನಲ್ಲಿ ಹೋದೆವು. ಈ ದಾರಿಯ ಸೀಟುಗಳು ಬುಕಿಂಗ್ ಶುರುವಾದ ಕೂಡಲೇ ಖಾಲಿಯಾಗುತ್ತವೆ. ನಾನು ಮೊದಲ ದಿನವೇ ಸೆಕೆಂಡ್ ಕ್ಲಾಸ್ ಬುಕ್ ಮಾಡಿದ್ದೆ. ಕ್ಯಾಂಡಿಯಿಂದ ಆರೇಳು ಗಂಟೆ ಚಹಾ ತೋಟಗಳ ನಡುವೆ ಪಯಣ. ಅಪ್ಪ ಪೂರ್ತಿ ಕಿಟಕಿ ಬಿಟ್ಟು ಕದಲಲಿಲ್ಲ. "ನಮ್ಮದೇ ಬ್ರಾಡ್‌ಗೇಜ್ ಕಣೋ, ಅದೇ ಅಳತೆ" ಅಂತ ಅಮ್ಮನಿಗೂ ಹೇಳಿದರು. ಎಲ್ಲಾದ ಒಂಬತ್ತು ಕಮಾನಿನ ಸೇತುವೆ ನೋಡೋಕೆ ಟಿಕೆಟ್ ಇಲ್ಲ. ಕಲ್ಲು, ಇಟ್ಟಿಗೆ, ಸಿಮೆಂಟಿನ ಆ ಸೇತುವೆ ಮೇಲೆ ರೈಲು ಬರಲಿ ಅಂತ ಅಪ್ಪ ಒಂದು ಗಂಟೆ ಕಾದರು.

ನಾವು ಸಸ್ಯಾಹಾರಿಗಳು, ಊಟದ್ದೇ ಅಮ್ಮನ ಚಿಂತೆ. ಬೆಳಿಗ್ಗೆ ನಮ್ಮ ಒತ್ತು ಶಾವಿಗೆಯಂಥದ್ದೇ ಇಡಿಯಪ್ಪ, ಬೇಳೆ ಸಾರು, ಅಪ್ಪ ಸಿಗುತ್ತಿದ್ದವು. ಆದರೆ 'ಪೋಲ್ ಸಂಬೋಲ್' ಎಂಬ ತೆಂಗಿನಕಾಯಿ ಚಟ್ನಿಗೆ ಒಣಮೀನು ಹಾಕುವುದುಂಟು, ಕೇಳಿಯೇ ತಿನ್ನಿ. ಹೋಂಸ್ಟೇಯಲ್ಲಿ 'ಕುರಕ್ಕನ್' ರೊಟ್ಟಿ ಕೊಟ್ಟರು. "ಅಯ್ಯೋ, ಇದು ರಾಗಿ!" ಅಂತ ಅಮ್ಮ ಅಡುಗೆಮನೆಗೇ ಹೋಗಿಬಿಟ್ಟರು.

ಲೆಕ್ಕ ಹೀಗಿದೆ: ವಿಮಾನ 46,500, ವಾಸ 17,800, ಊಟ 14,000, ರೈಲು-ಬಸ್ಸು-ಆಟೋ 11,000, ಪ್ರವೇಶ ಶುಲ್ಕ ಮತ್ತಿತರೆ 9,000, ವಿಮೆ ಮತ್ತು ಸಿಮ್ 4,500, ಅಪ್ಪ ಅಮ್ಮನ ಪಾಸ್‌ಪೋರ್ಟ್ 2,850. ಒಟ್ಟು 1,05,650. ಆಗ ನಮ್ಮ ಒಂದು ರೂಪಾಯಿಗೆ ಅವರ ಸುಮಾರು ಮೂರೂಮುಕ್ಕಾಲು ರೂಪಾಯಿ ಬರುತ್ತಿತ್ತು.

ಕೊನೇ ದಿನ ಕೊಲಂಬೊದ ಸ್ವಾತಂತ್ರ್ಯ ಚೌಕದ ಬಳಿ ಇರುವ ರೇಡಿಯೋ ಕಟ್ಟಡಕ್ಕೆ ಹೋದೆವು. ಮುಂಚೆಯೇ ಅನುಮತಿ ಕೇಳಬೇಕು ಅನ್ನೋದು ನನ್ನ ಎಕ್ಸೆಲ್ ಶೀಟ್‌ನಲ್ಲಿ ಇರಲೇ ಇಲ್ಲ. ಗೇಟಿನಲ್ಲೇ ತಡೆದರು. ನನಗೆ ಅಳು ಬರುವಷ್ಟಾಯಿತು. ಅಪ್ಪ ಮಾತ್ರ ರಸ್ತೆ ಈಚೆ ನಿಂತು ಹತ್ತು ನಿಮಿಷ ನೋಡಿದರು. "ಸಾಕು, ಇದೇ ಅಲ್ವಾ ಅದು" ಅಂದರು. ಆಮೇಲೆ ಪಕ್ಕದ ಬೀದಿಯಲ್ಲಿ ಎರಡು ಟೀ ಕುಡಿದರು, ಲೆಕ್ಕ ಕೇಳಲಿಲ್ಲ.

ನಾವು ವಾಪಸ್ ಬಂದ ಮೇಲೆ, ಫೆಬ್ರವರಿ 20ರಂದು ಅಮೀನ್ ಸಯಾನಿ ತೀರಿಕೊಂಡ ಸುದ್ದಿ ಬಂತು. ಅಪ್ಪ ಊರಿಂದ ಫೋನ್ ಮಾಡಿ, "ಈ ತಿಂಗಳೇ ಹೋಗಿ ಬಂದಿದ್ದು ಒಳ್ಳೇದಾಯ್ತು ಕಣೋ" ಅಂದು ಇಟ್ಟುಬಿಟ್ಟರು.

ನೀವೂ ಮನೆಯವರನ್ನು ಕರೆದುಕೊಂಡು ಹೊರಡುವ ಯೋಚನೆಯಲ್ಲಿದ್ದರೆ, ಟಿಕೆಟ್ ದರ ಹುಡುಕುವ ಮೊದಲು ಅವರಿಗೆ ಏನು ನೋಡಬೇಕು ಅಂತ ಕೇಳಿ. ಪಟ್ಟಿ ನೀವಂದುಕೊಂಡಿದ್ದಕ್ಕಿಂತ ಚಿಕ್ಕದೇ ಇರುತ್ತೆ.