ಕೊರಳು ಹಲವು, ಶ್ರುತಿ ಒಂದು

ತುಮಕೂರು ಜಿಲ್ಲೆಯು ಆಂಧ್ರದ ಎಲ್ಲೆಯನ್ನು ಮುಟ್ಟುವ ಕಡೆ ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಇದೆ. ಅದು ಹೋಬಳಿಯ ಕೇಂದ್ರ. ಹಿಂದೂಪುರ ಇಲ್ಲಿಗೆ ದೂರವಲ್ಲ. ಆದಕಾರಣ ಅಂಗಡಿಯ ಮುಂದೆ ಒಂದು ಗಳಿಗೆ ನಿಂತವರಿಗೆ ಕನ್ನಡದ ಜೊತೆಗೆ ತೆಲುಗೂ ಕಿವಿಗೆ ಬೀಳುವುದುಂಟು. ಇಂಥ ಊರುಗಳಲ್ಲಿ ನವೆಂಬರ್ ತಿಂಗಳೆಂದರೆ ರಾಗಿ ಕೊಯ್ಲಿನ ಕಾಲ. ಅದೇ ತಿಂಗಳು ರಾಜ್ಯೋತ್ಸವದ ಕಾಲವೂ ಹೌದು. ಹಾಡಬಲ್ಲ ಹೆಣ್ಣುಮಕ್ಕಳಿಗೆ ಆಗ ಎರಡು ಕಡೆಯಿಂದ ಕರೆ ಬರುತ್ತದೆ: ಒಂದು ಹೊಲದಿಂದ, ಇನ್ನೊಂದು ವೇದಿಕೆಯಿಂದ.

ಶಾಲೆಗಳ ಆಡಳಿತಕ್ಕಾಗಿ ತುಮಕೂರು ಕಂದಾಯ ಜಿಲ್ಲೆಯನ್ನು ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ಮಾಡಲಾಗಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಮಧುಗಿರಿಯ ಪಾಲಿಗೆ ಬಂದಿವೆ. ಪ್ರೌಢಶಾಲೆಯ ಹೆಣ್ಣುಮಕ್ಕಳ ಹಾಡಿನ ತಂಡವೊಂದು ಸಂಚಾರ ಹೊರಟರೆ ಅದರ ಪ್ರಪಂಚ ಈ ನಾಲ್ಕು ತಾಲ್ಲೂಕುಗಳ ಪ್ರಪಂಚ. ತಾಲ್ಲೂಕು ಸಾಹಿತ್ಯ ಸಮ್ಮೇಳನದ ಉದ್ಘಾಟನೆ, ರಾಜ್ಯೋತ್ಸವದ ಸಭೆ, ಪ್ರತಿಭಾ ಕಾರಂಜಿ, ನೆರೆಯ ಶಾಲೆಯ ವಾರ್ಷಿಕೋತ್ಸವ, ಹೀಗೆ ಕರೆಗೆ ಕೊರತೆಯಿಲ್ಲ. ನಗರದ ಮನೆಗಳಲ್ಲಿ ಮಗಳನ್ನು ಸಂಗೀತದ ಪಾಠಕ್ಕೆ ಕಳುಹಿಸುವ ತಂದೆತಾಯಿಗಳು ಇಂಥ ತಂಡದ ಒಂದು ದಿನವನ್ನು ನೋಡತಕ್ಕದ್ದು.

ಆ ದಿನ ನಸುಕಿನಲ್ಲಿಯೇ ಆರಂಭವಾಗುತ್ತದೆ. ಹಿಂದಿನ ಸಂಜೆಯೇ ಅಮ್ಮನದೋ ಅತ್ತಿಗೆಯದೋ ಸೀರೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಿರುವ ಹುಡುಗಿಯರು, ನೀರು ಹೊತ್ತು, ಹಸುವಿಗೆ ಮೇವು ಹಾಕಿ, ಆಮೇಲೆ ಬಸ್ ನಿಲ್ದಾಣಕ್ಕೆ ಬರುತ್ತಾರೆ. ಅಪ್ಪನ ಒಪ್ಪಿಗೆ ದೊರೆತಿರುವುದು ಒಂದು ಕರಾರಿನ ಮೇಲೆ: ದೀಪ ಹಚ್ಚುವ ಹೊತ್ತಿಗೆ ಮಗಳು ಮನೆಯಲ್ಲಿರಬೇಕು. ಆ ಕರಾರಿಗೆ ಹೊಣೆಗಾರಳು ಶಿಕ್ಷಕಿ. “ನೀವು ಕರೆದುಕೊಂಡು ಹೋಗ್ತೀರಿ ಅಂದ್ರೆ ಆಯ್ತು ಮಿಸ್, ನೀವೇ ಮನೆಗೆ ಬಿಡಬೇಕು” ಎಂಬ ತಾಯಿಯ ಒಂದು ಮಾತಿನ ಮೇಲೆ ಇಡೀ ತಂಡ ನಿಂತಿರುತ್ತದೆ. ರಾಗಿ ಕೊಯ್ಲಿಗೆ ಆಳು ಸಿಗದ ಮನೆಯ ಹುಡುಗಿ ಬಾರದೆ ಉಳಿದರೆ, ಅವಳ ಸಾಲನ್ನು ಯಾರು ಎತ್ತಿಕೊಳ್ಳಬೇಕೆಂಬುದನ್ನು ನಿಲ್ದಾಣದಲ್ಲಿಯೇ ತೀರ್ಮಾನಿಸಬೇಕಾಗುತ್ತದೆ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಈ ಪ್ರಯಾಣಕ್ಕೆ ಒಂದು ಅನುಕೂಲವಾಯಿತು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹುಡುಗಿಯರಿಗೂ ಶಿಕ್ಷಕಿಗೂ ಟಿಕೆಟ್ಟಿನ ಹಣವಿಲ್ಲ. ಗುರುತಿನ ಚೀಟಿ ಮರೆತು ಬರುವವಳೊಬ್ಬಳು ಮಾತ್ರ ಎಲ್ಲ ತಂಡಗಳಲ್ಲೂ ಇದ್ದೇ ಇರುತ್ತಾಳೆ! ತಬಲ ಬಾರಿಸುವ ಮೇಷ್ಟ್ರು ತಮ್ಮ ಟಿಕೆಟ್ಟನ್ನು ತಾವೇ ಕೊಳ್ಳಬೇಕು. ಬಂದದ್ದು ಖಾಸಗಿ ಬಸ್ಸಾದರೆ ಎಲ್ಲರಿಗೂ ಹಣ ತೆರಬೇಕು. ಆ ಲೆಕ್ಕ ಬಹುಮಟ್ಟಿಗೆ ಶಿಕ್ಷಕಿಯ ಕೈಚೀಲದಲ್ಲಿಯೇ ಮುಗಿದುಹೋಗುತ್ತದೆ.

ಮಧುಗಿರಿಯ ಏಕಶಿಲಾ ಬೆಟ್ಟ ದೂರದಿಂದ ಕಾಣಿಸಿಕೊಳ್ಳುವ ಹೊತ್ತಿಗೆ ಹುಡುಗಿಯರ ಮಾತು ಕಡಿಮೆಯಾಗುತ್ತದೆ. ಬಸ್ಸಿನಿಂದಿಳಿದು, ಸಭಾಂಗಣದ ಹಿಂದೆ ಒಂದು ಕೋಣೆ ದೊರೆತರೆ ಅಲ್ಲಿ, ಇಲ್ಲದಿದ್ದರೆ ಮರದ ಕೆಳಗೆ, ಶ್ರುತಿ ಸೇರಿಸುವ ಕೆಲಸ ಮೊದಲಾಗುತ್ತದೆ. ಕೇಳುವವರಿಗೆ ಸುಲಭವಾಗಿ ತೋರುವ ಈ ಕೆಲಸವೇ ಎಲ್ಲಕ್ಕಿಂತ ಕಠಿಣವಾದದ್ದು. ಗಂಡಸರು ಸಾಮಾನ್ಯವಾಗಿ ಒಂದು ಮನೆಯ ಆಸುಪಾಸಿನಲ್ಲಿ ಹಾಡುತ್ತಾರೆ. ಹೆಂಗಸರು ಐದು ಮನೆಯ ಆಸುಪಾಸಿನಲ್ಲಿ. ಹದಿಮೂರರಿಂದ ಹದಿನೈದು ವರ್ಷದ ಹುಡುಗಿಯರು ಇವೆರಡರಲ್ಲಿ ಯಾವುದಕ್ಕೂ ಪೂರ್ತಿ ಸೇರಿದವರಲ್ಲ. ಕೊರಳು ಒಡೆಯುವುದು ಹುಡುಗರಿಗೆ ಮಾತ್ರವೆಂದು ಎಲ್ಲರೂ ತಿಳಿದಿರುವುದುಂಟು. ಹುಡುಗಿಯರ ಕೊರಳೂ ಆ ವಯಸ್ಸಿನಲ್ಲಿ ಸ್ವಲ್ಪ ಇಳಿಯುತ್ತದೆ, ಸ್ವರದ ಜೊತೆಗೆ ಉಸಿರೂ ಸೋರುತ್ತದೆ. ಎಂಟನೆಯ ತರಗತಿಯವಳಿಗೆ ಐದೂವರೆ ಮನೆ ಹಿತವಾದರೆ ಹತ್ತನೆಯ ತರಗತಿಯವಳಿಗೆ ನಾಲ್ಕೂವರೆಯೇ ಹಿತವಾಗಬಹುದು. ಅನುಭವವುಳ್ಳ ಶಿಕ್ಷಕಿ ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಹಾಡಿಸಿ ನೋಡಿ, ಯಾರ ಹುಬ್ಬೂ ಮೇಲೇರದ ಶ್ರುತಿಯನ್ನು ಹಿಡಿಯುತ್ತಾಳೆ.

ಈಚಿನ ವರ್ಷಗಳಲ್ಲಿ ಈ ಜಾಣ್ಮೆಗೆ ಒಂದು ಶತ್ರು ಹುಟ್ಟಿಕೊಂಡಿದೆ. ಹಾರ್ಮೋನಿಯಂ ಹೊರುವ ಕಷ್ಟವೇಕೆಂದು ಮೊಬೈಲಿನಲ್ಲಿಯೋ ಪೆನ್ ಡ್ರೈವ್‌ನಲ್ಲಿಯೋ ಸಿದ್ಧ ವಾದ್ಯಸಂಗೀತದ ‘ಟ್ರ್ಯಾಕ್’ ತಂದು ಅದಕ್ಕೆ ಹಾಡಿಸುವ ಪದ್ಧತಿ ಬೆಳೆದಿದೆ. ಆ ಟ್ರ್ಯಾಕ್ ಯಾವನೋ ಗಾಯಕನ ಶ್ರುತಿಯಲ್ಲಿರುತ್ತದೆ. ಕೆಳಗಿನ ಸ್ಥಾಯಿಯಲ್ಲಿ ಹಾಡಿದರೆ ಹುಡುಗಿಯರ ದನಿ ಕೇಳಿಸದು. ಮೇಲಿನದರಲ್ಲಿ ಹಾಡಿದರೆ ಚರಣದಲ್ಲಿ ಚೀರಾಟವಾಗುತ್ತದೆ. ಚೆನ್ನಾಗಿ ಹಾಡುವ ಮಕ್ಕಳು ‘ಇವರಿಗೆ ಸ್ವರವಿಲ್ಲ’ ಎನ್ನಿಸಿಕೊಂಡು ಬರುವುದು ಅನೇಕ ವೇಳೆ ಈ ಕಾರಣದಿಂದ. ಹಳೆಯ ಹಾರ್ಮೋನಿಯಂ ಎಷ್ಟು ಭಾರವಾಗಿದ್ದರೂ ಹೊತ್ತು ತರುವುದೇ ಲೇಸು.

ಶ್ರುತಿಯ ನಂತರ ಉಸಿರಿನ ಪಾಠ. ಸಾಲಿನ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಹಾಡು ಅಲ್ಲಲ್ಲಿ ಕಡಿದುಬೀಳುತ್ತದೆ. ಆದ್ದರಿಂದ ಮೊದಲ ಸಾಲಿನವರು ಒಂದೆಡೆ, ಹಿಂದಿನವರು ಮತ್ತೊಂದೆಡೆ ಉಸಿರು ಕದಿಯುವಂತೆ ಗೊತ್ತುಮಾಡಿರುತ್ತಾರೆ. ಪಕ್ಕದವಳು ನಿಲ್ಲಿಸಿದಾಗ ತಾನು ಹಾಡಬೇಕು. ತಾನು ನಿಲ್ಲಿಸಿದಾಗ ಅವಳು ಹಾಡುತ್ತಾಳೆಂದು ನಂಬಿರಬೇಕು. ಎಲ್ಲರಿಗಿಂತ ಗಟ್ಟಿ ಕೊರಳಿನವಳಿಗೆ ಇದನ್ನು ಕಲಿಸುವುದು ಬಹಳ ಕಷ್ಟ. “ಸ್ವಲ್ಪ ತಗ್ಗಿಸಮ್ಮಾ, ಅವಳೂ ಕೇಳಿಸಲಿ” ಎಂದಾಗ ಅವಳ ಮುಖ ಬಾಡುತ್ತದೆ.

ಸಭೆ ಹತ್ತು ಗಂಟೆಗೆಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ಅತಿಥಿಗಳು ಬರುವುದು ಹನ್ನೊಂದೂವರೆಗೆ. ಅಷ್ಟು ಹೊತ್ತೂ ಸೀರೆಯ ನೆರಿಗೆಯನ್ನು ಕೈಯಲ್ಲಿ ಹಿಡಿದು ನಿಂತ ಹುಡುಗಿಯರು, ನೀರು ಕುಡಿದರೆ ಶೌಚಾಲಯ ಎಲ್ಲಿ ಹುಡುಕುವುದೆಂದು ಬಾಯಾರಿಕೆಯನ್ನೂ ತಡೆದುಕೊಂಡಿರುತ್ತಾರೆ. ಹಾಡುವ ಕೊರಳಿಗೆ ನೀರು ಎಷ್ಟು ಮುಖ್ಯವೆಂದು ಬಲ್ಲವರು ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕಲಾರರು. ವ್ಯವಸ್ಥಾಪಕರು ಹೂವಿನ ಹಾರಕ್ಕೆ ತೋರಿಸುವ ಮುತುವರ್ಜಿಯಲ್ಲಿ ಕಾಲು ಭಾಗವನ್ನು ಇತ್ತ ತೋರಿಸಿದ್ದರೆ ಸಾಕಾಗಿತ್ತು.

ಕೊನೆಗೆ ನಾಡಗೀತೆ. ಕುವೆಂಪು ಅವರ ಈ ಕವನ 2004ರಲ್ಲಿ ನಾಡಗೀತೆಯ ಸ್ಥಾನ ಪಡೆಯಿತು. ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ಬಹುಕಾಲ ನಡೆದು, 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಗೊತ್ತುಮಾಡಿತು. ವಾರಗಟ್ಟಲೆ ಅಭ್ಯಾಸ, ಬಸ್ಸು, ಸೀರೆ, ಕಾಯುವಿಕೆ ಎಲ್ಲವೂ ಈ ಎರಡೂವರೆ ನಿಮಿಷಕ್ಕಾಗಿ. ಹನ್ನೆರಡು ಹುಡುಗಿಯರಿಗೆ ಎರಡು ಮೈಕು. ಸಭೆಯೆಲ್ಲ ಎದ್ದು ನಿಂತಿರುತ್ತದೆ. ಆ ಸಾಲಿನಲ್ಲಿ ನಿಂತು ಕನ್ನಡದ ಹಾಡನ್ನು ಹಾಡುತ್ತಿರುವವರಲ್ಲಿ ಕೆಲವರು ಮನೆಯಲ್ಲಿ ತೆಲುಗು ಮಾತಾಡುವವರೆಂದು ಕೇಳುವವರಿಗೆ ತಿಳಿಯುವುದಿಲ್ಲ. ಮಹಾಪ್ರಾಣಗಳನ್ನು ಅವರು ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಉಸಿರು ತಾಗುವವರೆಗೆ ಉಚ್ಚರಿಸಿ ಕಲಿತಿರುತ್ತಾರೆ. ಅಚ್ಚಗನ್ನಡದ ಮನೆಯ ಮಕ್ಕಳು ಆಲಸ್ಯದಿಂದ ನುಂಗುವ ಅಕ್ಷರಗಳನ್ನು ಇವರು ನುಂಗುವುದಿಲ್ಲ.

ನಮ್ಮ ಸಮೂಹಗಾನದಲ್ಲಿ ಎಲ್ಲರೂ ಹಾಡುವುದು ಒಂದೇ ಸ್ವರಸಾಲು. ಯೂರೋಪಿನ ಹುಡುಗಿಯರ ಗಾಯನ ತಂಡಗಳು ಏಕಕಾಲದಲ್ಲಿ ಬೇರೆ ಬೇರೆ ಸ್ವರಸಾಲುಗಳನ್ನು ಹಾಡಿ ಹೆಣೆಯುತ್ತವೆ. ಆ ಕ್ರಮವನ್ನು ಭಾರತೀಯ ಭಾಷೆಗಳ ಹಾಡುಗಳಿಗೆ ಒಗ್ಗಿಸಿದವರಲ್ಲಿ, 1970ರಲ್ಲಿ ಮದ್ರಾಸ್ ಯೂತ್ ಕಾಯರ್ ಸ್ಥಾಪಿಸಿದ ಎಂ. ಬಿ. ಶ್ರೀನಿವಾಸನ್ ಪ್ರಮುಖರು. ಆದರೆ ಕೊಡಿಗೇನಹಳ್ಳಿಯಂಥ ಊರಿನ ಹುಡುಗಿಯರಿಗೆ ಕೂಡಿ ಹಾಡುವುದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಸೋಬಾನೆ ಪದದಲ್ಲಿ ಇಬ್ಬರು ಮುಂದೆ ಹೇಳುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ಒಂದು ಗುಂಪು ಹಾಡುವಾಗ ಇನ್ನೊಂದು ದಣಿವಾರಿಸಿಕೊಳ್ಳುವುದರಿಂದ ಮದುವೆಯ ಇರುಳೆಲ್ಲ ಪದ ನಿಲ್ಲುವುದಿಲ್ಲ. ಪಾವಗಡ, ಶಿರಾ ಸೀಮೆಗೆ ನೆರೆಯದಾದ ಚಳ್ಳಕೆರೆ ಕಡೆಯ ಕಾಡುಗೊಲ್ಲರ ಸಿರಿಯಜ್ಜಿ ಅಕ್ಷರ ಬಾರದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಅವುಗಳನ್ನು ಸಂಗ್ರಹಿಸಿ ನಾಡಿಗೆ ತಿಳಿಸಿದವರು ಕೃಷ್ಣಮೂರ್ತಿ ಹನೂರರು. ಅಂಥ ಅಜ್ಜಿಯರ ಮೊಮ್ಮಕ್ಕಳು ವೇದಿಕೆಯ ಮೇಲೆ ಮೈಯನ್ನು ಸೆಟೆಸಿ ನಿಂತು ಹಾಡುವುದನ್ನು ನೋಡಿದರೆ, ಮನೆಯ ಹಾಡು ಬೇರೆ, ಶಾಲೆಯ ಹಾಡು ಬೇರೆ ಎಂದು ಅವರಿಗೆ ಯಾರು ಹೇಳಿಕೊಟ್ಟರೋ ಎನ್ನಿಸದಿರದು.

ಆ ಗೆರೆ ಅಳಿಸಿಹೋಗುವುದು ಹಿಂದಿರುಗುವ ಬಸ್ಸಿನಲ್ಲಿ. ಸಭೆಯವರು ಕೊಟ್ಟ ಪಲಾವ್ ತಿಂದಾಗಿದೆ, ಸೀರೆ ಚೀಲ ಸೇರಿದೆ, ಸಭ್ಯತೆಯ ಭಾರ ಇಳಿದಿದೆ. ಒಬ್ಬಳು ಅಜ್ಜಿಯಿಂದ ಕಲಿತ ತೆಲುಗು ಪದವನ್ನು ಎತ್ತಿಕೊಂಡರೆ ಉಳಿದವರು ಹಿಂದೆ ಸೇರುತ್ತಾರೆ. ಅದು ಮುಗಿಯುವುದರೊಳಗೆ ಕನ್ನಡದ ಸುವ್ವಿ, ಅದರ ಬೆನ್ನಿಗೆ ಸಿನಿಮಾ ಹಾಡು. ಇಲ್ಲಿ ಶ್ರುತಿಯನ್ನು ಯಾರೂ ಕೊಡುವುದಿಲ್ಲ. ಅದು ತಾನಾಗಿ ಸೇರಿಕೊಳ್ಳುತ್ತದೆ. ಬೆಳಗ್ಗೆ ಬಾಯಿಬಿಡದೆ ಹಿಂದಿನ ಸಾಲಿನಲ್ಲಿ ಅಡಗಿದ್ದ ಹುಡುಗಿ ಈಗ ಮುಂದೆ ಹೇಳುವವಳಾಗಿರುತ್ತಾಳೆ. ಕಂಡಕ್ಟರು ಗದರಿಸುವ ಬದಲು ಸೀಟಿಗೆ ಒರಗಿ ಕೇಳುತ್ತಾನೆ.

ಹೊತ್ತು ಮುಳುಗುವ ಮುನ್ನ ಒಬ್ಬೊಬ್ಬಳೇ ತನ್ನ ಊರಿನ ದಾರಿಯಲ್ಲಿ ಇಳಿದುಕೊಳ್ಳುತ್ತಾಳೆ. ಕೊನೆಯವಳ ಅಪ್ಪ ಬೈಕು ನಿಲ್ಲಿಸಿಕೊಂಡು ಕಾದಿರುತ್ತಾನೆ. “ಚೆನ್ನಾಗಿ ಹಾಡಿದಳಾ ಮಿಸ್?” ಎಂದು ಕೇಳುತ್ತಾನೆ, ಮಗಳನ್ನು ಕೇಳುವುದಿಲ್ಲ.

ಮಾರ್ಚ್ ತಿಂಗಳ ಸುಮಾರಿಗೆ ಹತ್ತನೆಯ ತರಗತಿಯ ಪರೀಕ್ಷೆ ಬರುತ್ತದೆ. ಆಮೇಲೆ ಕೆಲವರು ಮಧುಗಿರಿಯ ಕಾಲೇಜಿಗೆ, ಕೆಲವರು ಬೆಂಗಳೂರಿನ ಬಂಧುಗಳ ಮನೆಗೆ, ಒಬ್ಬಿಬ್ಬರು ಮದುವೆಯ ಮಾತುಕತೆಗೆ. ಅವರಲ್ಲಿ ಮತ್ತೆ ಸಾಲಿನಲ್ಲಿ ನಿಂತು ಹಾಡುವವರು ವಿರಳ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಶಿಕ್ಷಕಿ ಬೆಳಗಿನ ಪ್ರಾರ್ಥನೆಯ ವೇಳೆಯಲ್ಲಿ ಹೊಸದಾಗಿ ಎಂಟನೆಯ ತರಗತಿಗೆ ಸೇರಿದ ಮಕ್ಕಳ ಸಾಲುಗಳ ಹಿಂದೆ ಮೆಲ್ಲನೆ ನಡೆಯುತ್ತಾಳೆ. ಒಂದು ಕಡೆ ನಿಂತು, ಕಿವಿಗೊಟ್ಟು, ಮುಂದಿನ ಮಗುವಿನ ಹೆಸರು ಕೇಳುತ್ತಾಳೆ.