ಐರಿಷ್ ಜನರ ತಗಡುಗೊಳಲೂ ಪಾಠಾಂತರವಿಚಾರವೂ

ಗ್ರಂಥಸಂಪಾದನಕಾರ್ಯದಲ್ಲಿ ತೊಡಗಿರುವವರು ಪಾಠಾಂತರವನ್ನು ಲಿಪಿಕಾರರ ಪ್ರಮಾದವೆಂದೇ ಪ್ರಾಯಶಃ ಭಾವಿಸುವರು. ಹಲವು ಪ್ರತಿಗಳನ್ನು ಹೋಲಿಸಿ, ದೋಷಗಳನ್ನು ಕಳೆದು, ಮೂಲಪಾಠವನ್ನು ನಿರ್ಣಯಿಸುವುದೇ ಅವರ ಉದ್ದೇಶವಷ್ಟೆ. ಈ ನ್ಯಾಯವು ಸಲ್ಲದಿರುವ ವಿದ್ಯೆಯೊಂದುಂಟು. ಅದು ಐರ್ಲೆಂಡ್ ದೇಶದ ನೃತ್ಯದ ಮಟ್ಟುಗಳನ್ನು ತಗಡಿನ ಕೊಳಲಿನಲ್ಲಿ ನುಡಿಸುವ ವಿದ್ಯೆ. ಅಲ್ಲಿ ಪಾಠಾಂತರವೇ ಕಲಿಯತಕ್ಕ ವಿಷಯವಾಗಿರುವುದರಿಂದ, ಆ ಕಲಿಕೆಯ ಕ್ರಮವನ್ನು ವಾಚಕರ ಮುಂದಿಡುತ್ತೇವೆ.

ವಾದ್ಯವೇನೋ ಅತ್ಯಲ್ಪವಾದುದು. ಇಂಗ್ಲೆಂಡಿನ ಸಫಕ್ ಪ್ರಾಂತದ ರಾಬರ್ಟ್ ಕ್ಲಾರ್ಕ್ ಎಂಬವನು 1843ರಲ್ಲಿ ತಗಡನ್ನು ಸುರುಳಿ ಸುತ್ತಿ, ಬಾಯಿಗೆ ಮರದ ಬಿರಡೆಯನ್ನಿಟ್ಟು, ಇದನ್ನು ತಯಾರಿಸತೊಡಗಿದನು. ಬೆಲೆ ಅಗ್ಗವಾದುದರಿಂದ ಐರ್ಲೆಂಡಿನ ಬಡವರಿಗೂ ಅದು ದಕ್ಕಿತು. ಇದಕ್ಕೆ ಆರು ರಂಧ್ರಗಳು. ಎಲ್ಲವನ್ನೂ ಮುಚ್ಚಿ ಮೆಲ್ಲನೆ ಊದಿದರೆ ಆಧಾರಸ್ವರ. ಕೆಳಗಿನಿಂದ ಒಂದೊಂದೇ ಬೆರಳನ್ನೆತ್ತಿದರೆ ನಮ್ಮ ಶಂಕರಾಭರಣದ ಸ್ವರಗಳು. ಉಸಿರನ್ನು ಬಿಗಿಗೊಳಿಸಿದರೆ ಅವೇ ಬೆರಳುಗಳಿಂದ ಮೇಲಿನ ಸ್ಥಾಯಿ ದೊರೆಯುವುದು. ಎರಡನೆಯ ಸ್ವರವನ್ನೇ ಷಡ್ಜವೆಂದು ಗ್ರಹಿಸಿದರೆ ಖರಹರಪ್ರಿಯ ಮೇಳವಾಗುವುದು. ಐರಿಷ್ ಮಟ್ಟುಗಳಲ್ಲಿ ಹಲವು ಈ ಜಾತಿಯವು. ಇಷ್ಟನ್ನು ಯಾರೂ ಬೇಗನೆ ಕಲಿತಾರು.

ಕಷ್ಟವು ಆ ಬಳಿಕ ತೋರುವುದು. ಮಟ್ಟಿಗೆ ಸಾಮಾನ್ಯವಾಗಿ ಎಂಟೆಂಟು ಆವರ್ತಗಳ ಎರಡು ಖಂಡಗಳು. ಪ್ರತಿಯೊಂದನ್ನೂ ಎರಡು ಬಾರಿ ನುಡಿಸಲು ಒಟ್ಟು 32 ಆವರ್ತಗಳಾಗುವುವು. ‘ಜಿಗ್’ ಎಂಬುದರ ಆವರ್ತದಲ್ಲಿ ಮೂರು ಮಾತ್ರೆಗಳ ಎರಡು ಗಣಗಳು, ‘ರೀಲ್’ ಎಂಬುದರಲ್ಲಿ ನಾಲ್ಕು ಮಾತ್ರೆಗಳ ಎರಡು ಗಣಗಳು. ಜಿಗ್ಗಿನ ಮೂರು ಮಾತ್ರೆಗಳನ್ನು ಪುಸ್ತಕದಲ್ಲಿ ಸಮವಾಗಿಯೇ ಬರೆದಿರುತ್ತಾರೆ. ನುಡಿಸುವಾಗಲೋ ಮೊದಲನೆಯದು ತುಸು ಹಿಗ್ಗಿ ಎರಡನೆಯದು ಕುಗ್ಗುವುದು. ಎಷ್ಟು ಹಿಗ್ಗಬೇಕೆಂಬುದಕ್ಕೆ ಕಿವಿಯೊಂದೇ ಪ್ರಮಾಣ.

ಅಲಂಕಾರಗಳ ವಿಷಯವೂ ಹೀಗೆಯೇ. ಮೇಲಿನ ಬೆರಳೊಂದನ್ನು ಕ್ಷಣಮಾತ್ರ ಎತ್ತಿಳಿಸುವುದು ‘ಕಟ್’. ಕೆಳಗಿನ ತೆರೆದ ರಂಧ್ರವನ್ನು ಥಟ್ಟನೆ ತಟ್ಟುವುದು ‘ಟ್ಯಾಪ್’. ಸ್ವರ, ಕಟ್, ಅದೇ ಸ್ವರ, ಟ್ಯಾಪ್, ಮತ್ತೆ ಅದೇ ಸ್ವರ, ಹೀಗೆ ಮೂರು ಮಾತ್ರೆಗಳ ಕಾಲವನ್ನು ತುಂಬುವುದು ‘ರೋಲ್’. ಇವನ್ನು ಶಾರ್ಙ್ಗದೇವನು ಹೇಳಿದ ಹದಿನೈದು ಗಮಕಗಳಲ್ಲಿ ಯಾವುದರೊಡನೆಯೂ ಸಮೀಕರಿಸುವುದು ಯುಕ್ತವಲ್ಲ. ಕಟ್ಟಿನಲ್ಲಿ ಮೇಲಿನ ಸ್ವರವು ಸ್ವರವಾಗಿ ಕೇಳಿಸಕೂಡದು. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ, ಎರಡು ಅಚ್ಚುಗಳ ನಡುವಣ ಹಲ್ಲಿನಂತೆ ಅದು ಬೇರ್ಪಡಿಸುವ ಕೆಲಸವನ್ನು ಮಾತ್ರ ಮಾಡುವುದು.

ಇನ್ನು ಗ್ರಂಥಗಳ ಮಾತು. ಕಾರ್ಕ್ ಪ್ರಾಂತದಲ್ಲಿ 1848ರಲ್ಲಿ ಹುಟ್ಟಿ ಅಮೆರಿಕದ ಶಿಕಾಗೋ ನಗರದಲ್ಲಿ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದ ಫ್ರಾನ್ಸಿಸ್ ಓನೀಲನು 1903ರಲ್ಲಿ 1850 ಮಟ್ಟುಗಳನ್ನೂ, 1907ರಲ್ಲಿ 1001 ನೃತ್ಯದ ಮಟ್ಟುಗಳನ್ನೂ ಅಚ್ಚು ಮಾಡಿಸಿದನು. ಆತನಿಗೆ ಸ್ವರಲಿಪಿ ಬರೆಯಲು ಬಾರದು. ಜೇಮ್ಸ್ ಓನೀಲನೆಂಬ ಪಿಟೀಲುವಾದಕನು ಲಿಪಿಕಾರನಾದನು. ಈ ಮಹೋಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಎರಡನೆಯ ಸಂಪುಟವನ್ನು ವಾದಕರು ಕೇವಲ ‘ಪುಸ್ತಕ’ವೆಂದೇ ಕರೆಯತೊಡಗಲು, ಒಬ್ಬನ ಬಾಯಿಂದ ಒಂದು ದಿನ ಬಂದ ಪಾಠವು ಶ್ರುತಿಯ ಪದವಿಗೇರಿತು. ಸ್ಲೈಗೋ ಪ್ರಾಂತದ ಪಿಟೀಲುವಾದಕ ಮೈಕೇಲ್ ಕೋಲ್ಮನ್ನನು 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ನುಡಿಸಿದ ಧ್ವನಿಮುದ್ರಿಕೆಗಳು ತಾಯ್ನಾಡಿಗೆ ಬಂದಾಗಲೂ ಇದೇ ಆಯಿತು: ಜನರು ಅವನನ್ನೇ ಅನುಕರಿಸಹೋಗಿ ಹಲವೆಡೆ ಊರಿನ ಸ್ವಂತ ರೀತಿ ಹಿಂದೆ ಬಿದ್ದಿತು. ಇದು ಸಾಮಾನ್ಯ ನಷ್ಟವಲ್ಲ.

‘ಮೂಲಪಾಠವು ಇದ್ದೇ ಇರಬೇಕಲ್ಲವೇ?’ ಎಂದು ಆಕ್ಷೇಪಿಸಬಹುದು. ಇರಲಿ; ಕೊಳಲೇ ಅದಕ್ಕೆ ಸಮ್ಮತಿಸದು. ಪಿಟೀಲಿನ ಮಟ್ಟು ಮಂದ್ರಕ್ಕಿಳಿದರೆ ತಗಡುಗೊಳಲು ಅಲ್ಲಿಗೆ ಇಳಿಯಲಾರದೆ ಆ ಸ್ವರಗಳನ್ನು ಮೇಲಿನ ಸ್ಥಾಯಿಗೆ ಮಡಿಸಬೇಕು. ನೃತ್ಯದ ಮಟ್ಟಿನಲ್ಲಿ ವಿರಾಮವಿಲ್ಲ. ಉಸಿರೆಳೆಯಲು ಒಂದು ಸ್ವರವನ್ನು ಬಿಡಲೇಬೇಕು. ಬಲ್ಲವನು ಅದನ್ನು ಒಂದೊಂದು ಸುತ್ತಿನಲ್ಲಿ ಒಂದೊಂದು ಕಡೆ ಬಿಡುವನು. ಗಣದ ಮೊದಲಿನ ಬಲವಾದ ಸ್ವರವನ್ನೂ ಖಂಡಾಂತ್ಯವನ್ನೂ ಕೆಡಿಸಲಾಗದು. ಮಿಕ್ಕವು ಬಹುಮಟ್ಟಿಗೆ ಸಡಿಲ. ಸ್ಥಿರವಾದುದಾವುದು, ಸಡಿಲವಾದುದಾವುದು ಎಂಬ ವಿವೇಕವು ಒಂದೇ ಮಟ್ಟನ್ನು ನಾಲ್ಕಾರು ಜನರಿಂದ ಕೇಳಿದವನಿಗಲ್ಲದೆ ಉದಿಸದು.

ಆದುದರಿಂದ ಕಲಿಯುವವನು ಮೊದಲು ಮಟ್ಟನ್ನು ಬಾಯಲ್ಲಿ ಗುನುಗುವಷ್ಟು ಕೇಳಿ, ಅನಂತರ ಕೊಳಲನ್ನು ಹಿಡಿದು ಅಲಂಕಾರವಿಲ್ಲದೆ ನಿಧಾನವಾಗಿ ನುಡಿಸಿ, ಉಸಿರಿನ ಸ್ಥಾನಗಳನ್ನು ಗೊತ್ತುಮಾಡಿಕೊಂಡು, ಆಮೇಲೆ ಕಟ್ಟು ರೋಲುಗಳನ್ನು ಸೇರಿಸತಕ್ಕದ್ದು. ಪುಸ್ತಕವನ್ನು ತೆರೆಯುವುದು ಮರೆತ ಖಂಡವನ್ನು ನೆನಪಿಗೆ ತಂದುಕೊಳ್ಳುವುದಕ್ಕೆ.