ತಾಯಿ ಕುರಿ ತನ್ನ ಮರಿಯನ್ನು ಗುರುತಿಸುವ ಬಗೆ

ಕುರಿ ಸಾಕಣೆಯ ಲಾಭ ಬದುಕಿ ಉಳಿಯುವ ಮರಿಗಳನ್ನು ಅವಲಂಬಿಸಿದೆ. ಸಂಜೆ ಮಂದೆ ಹಟ್ಟಿಗೆ ಮರಳಿದಾಗ ಮರಿಗಳೆಲ್ಲ ಅರಚುತ್ತ ಓಡಿಬರುತ್ತವೆ. ಕೆಚ್ಚಲಿಗೆ ಬಾಯಿ ಹಾಕಿದ ಮರಿಯನ್ನು ತಾಯಿ ಮೂಸಿ ನೋಡುತ್ತದೆ. ತನ್ನದಾದರೆ ಹಾಲೂಡಿಸುತ್ತದೆ, ಅನ್ಯ ಮರಿಯಾದರೆ ಹಾಯ್ದು ದೂಡುತ್ತದೆ. ಇದು ಕುರಿ ಸಾಕುವವರೆಲ್ಲ ಕಂಡ ಸಂಗತಿ. ಇದರ ಕಾರಣ ತಿಳಿದರೆ ತಬ್ಬಲಿ ಮರಿಗಳನ್ನೂ ಉಳಿಸಿಕೊಳ್ಳಬಹುದು.

ವಾಸನೆಯ ನಂಟು

ಮರಿಯ ಮೈಗೆ ಅಂಟಿರುವ ಗರ್ಭದ್ರವದ ವಾಸನೆ ಬೇರೆ ದಿನಗಳಲ್ಲಿ ಕುರಿಗೆ ಹಿಡಿಸದು. ಈಯುವ ಹೊತ್ತಿಗೆ ಅದೇ ವಾಸನೆ ಅದನ್ನು ಸೆಳೆಯುತ್ತದೆ. ಮರಿ ಹೊರಬರುವಾಗ ಜನನಮಾರ್ಗ ಹಿಗ್ಗುವುದರಿಂದ ಮಿದುಳಿನಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ತಾಯ್ತನ ಎಚ್ಚರಗೊಳ್ಳುತ್ತದೆ. ಕುರಿ ಮರಿಯನ್ನು ನೆಕ್ಕುತ್ತ ಅದರ ವಾಸನೆಯನ್ನು ಕಲಿಯುತ್ತದೆ. ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಈ ಕಲಿಕೆ ಮುಗಿಯುತ್ತದೆ. ಈದ ಮೇಲೆ ಕುರಿಯ ಮಿದುಳಿನ ವಾಸನೆ ಗ್ರಹಿಸುವ ಭಾಗದಲ್ಲಿ, ಮರಿಯ ವಾಸನೆಗೆ ಸ್ಪಂದಿಸುವ ಜೀವಕೋಶಗಳ ಸಂಖ್ಯೆ ಹೆಚ್ಚುವುದನ್ನು ಕೆಂಡ್ರಿಕ್, ಲೆವಿ ಮತ್ತು ಕೆವೆರ್ನ್ ಎಂಬ ವಿಜ್ಞಾನಿಗಳು 1992ರಲ್ಲಿ ತೋರಿಸಿಕೊಟ್ಟರು.

ಕೆಲವು ಗಂಟೆಗಳ ಬಳಿಕ ತಾಯಿ ಮರಿಯನ್ನು ದೂರದಿಂದ ಕೂಗು, ರೂಪಗಳಿಂದಲೂ ಗುರುತಿಸಬಲ್ಲದು. ಆದರೆ ಕೆಚ್ಚಲ ಬಳಿ ಕೊನೆಯ ತೀರ್ಪು ಮೂಗಿನದೇ.

ಈದಾಗ ಗಮನಿಸಬೇಕಾದದ್ದು

1. ಮರಿಯ ಮೂಗು, ಬಾಯಿಗಳ ಲೋಳೆಯನ್ನು ಮಾತ್ರ ತೆಗೆಯಿರಿ. ಮೈಯನ್ನು ತಾಯಿಯೇ ನೆಕ್ಕಲಿ. ಮರಿಯನ್ನು ತೊಳೆಯಬಾರದು.

2. ಹುಟ್ಟಿದ ಕೂಡಲೇ ಮರಿಯನ್ನು ಬೇರ್ಪಡಿಸಬೇಡಿ. ಒಂದು ದಿನ ಅಗಲಿಸಿಟ್ಟರೆ ತಾಯಿ ಅದನ್ನು ಒಪ್ಪದೆ ಹೋಗುವ ಸಂಭವ ಹೆಚ್ಚು.

3. ತಾಯಿ ಮರಿಗಳನ್ನು ಸುಮಾರು 4 ಅಡಿ ಚೌಕದ ಅಂಕಣದಲ್ಲಿ ಒಂದೆರಡು ದಿನ ಬಿಡಿ. ಚೊಚ್ಚಲ ಕುರಿಗಳಿಗೆ ಇದು ಬಹಳ ಮುಖ್ಯ.

4. ಮರಿ ಆದಷ್ಟು ಬೇಗ ಗಿಣ್ಣು ಹಾಲು ಕುಡಿಯುವಂತೆ ನೋಡಿಕೊಳ್ಳಿ. ರೋಗ ತಡೆಯುವ ಶಕ್ತಿ ಅದಕ್ಕೆ ಬರುವುದು ಗಿಣ್ಣಿನಿಂದಲೇ.

ತಬ್ಬಲಿಗೆ ತಾಯಿ

ಆಗತಾನೆ ಈದ ಕುರಿಯ ಗರ್ಭದ್ರವವನ್ನು ತಬ್ಬಲಿಯ ಮೈಗೆ, ಅದರಲ್ಲೂ ತಲೆ ಮತ್ತು ಬಾಲದ ಬುಡಕ್ಕೆ, ಚೆನ್ನಾಗಿ ಸವರಿ ಅದರ ಮುಂದಿಡಿ. ಕುರಿ ನೆಕ್ಕತೊಡಗಿದರೆ ಅರ್ಧ ಕೆಲಸ ಆದಂತೆಯೇ. ಮರಿ ಸತ್ತಿದ್ದರೆ, ಅದರ ಚರ್ಮವನ್ನು ಅಂಗಿಯಂತೆ ತಬ್ಬಲಿಗೆ ಎರಡು ಮೂರು ದಿನ ಹೊದಿಸಬಹುದು. ಆದರೆ ಕಂದು ಹಾಕಿದ ಕುರಿಯ ದ್ರವವನ್ನಾಗಲಿ, ರೋಗದಿಂದ ಸತ್ತ ಮರಿಯ ಚರ್ಮವನ್ನಾಗಲಿ ಬಳಸಕೂಡದು, ಬರಿಗೈಯಲ್ಲಿ ಮುಟ್ಟಲೂಬಾರದು. ಅಂಥ ರೋಗಗಳಲ್ಲಿ ಕೆಲವು ಮನುಷ್ಯರಿಗೂ ಅಂಟುತ್ತವೆ.

ತಾಯಿ ನಿಂತು ಹಾಲೂಡಿಸುವವರೆಗೂ ಜೋಡಿಯ ಮೇಲೆ ಕಣ್ಣಿರಲಿ. ಈದ ಮೊದಲ ಎರಡು ಗಂಟೆ ಕಾಯ್ದವನಿಗೆ ಆಮೇಲಿನ ಎರಡು ತಿಂಗಳ ಸೀಸೆ ಹಾಲಿನ ಕಷ್ಟ ತಪ್ಪುತ್ತದೆ.